ಕನಿಷ್ಠ ಆವೃತ್ತಿ

ಸೋಮವಾರ ಬ್ರಾಯಿಸ್ ಅಂದ: ಸಾಕಿನ್ನು,
ಐದನೆಯ ಆಂಡ್ರಾಯ್ಡನ್ನು ಕೈಬಿಡೋಣ.
ಒಂದೇ ಸಾಲು, ಸಲೇತಾ. ಇಪ್ಪತ್ತೊಂದು ಇದ್ದಲ್ಲಿ
ಇಪ್ಪತ್ತಾರು ಅಂತ ಬರೆದರೆ ಮುಗಿಯಿತು.

ನನಗೂ ಸಾಕಾಗಿತ್ತು.
ಹಳೆಯದಕ್ಕೊಂದು, ಹೊಸದಕ್ಕೊಂದು,
ಪ್ರತಿ ಗುಂಡಿಗೂ ಎರಡೆರಡು ಜಾತಕ.
ಹೊಸ ಪ್ರಮಾಣಪತ್ರ ಕಂಡರೆ ಹಳೆಯ ಫೋನು
ಬಾಗಿಲ ಸಂದಿಯಿಂದ ಯಾರು ನೀನು ಅನ್ನುತ್ತದೆ;
ಅಜ್ಜನ ಹೆಸರು ಹೇಳಿ, ನಂಬಿಸಿ ಒಳಹೋಗಬೇಕು.
ಪರೀಕ್ಷೆಗೆಂದು ಖಾನೆಯಲ್ಲಿಟ್ಟದ್ದು
ಬ್ಯಾಟರಿ ಉಬ್ಬಿ, ಬೆನ್ನು ಬಾಯ್ಬಿಟ್ಟು,
ರಬ್ಬರ್ ಬ್ಯಾಂಡಿನಲ್ಲಿ ಜೀವ ಹಿಡಿದಿದೆ.

ಎಷ್ಟು ಜನ ಇದ್ದಾರೆ ನೋಡೋಣವೆಂದು
ನಕ್ಷೆ ತೆರೆದೆ. ಹನ್ನೊಂದು ಸಾವಿರದಲ್ಲಿ
ಮೂವತ್ತೇಳು.
ತಳಕ್ಕೆ ಅಂಟಿದ ಹಸಿರು ಗೆರೆ,
ಎಳೆದು ಹಿಗ್ಗಿಸದೆ ಕಾಣದು.
ಹಿಗ್ಗಿಸಿದೆ.

ಇವರು ತೆರೆಯುವುದು ತಿಂಡಿಯ ಹೊತ್ತಿಗಲ್ಲ,
ಬಸ್ಸಿಗೆ ಕಾಯುವಾಗಲ್ಲ.
ಮಂಗಳವಾರ ಐದೂ ಹತ್ತಕ್ಕೆ,
ಬುಧವಾರ ಆರಕ್ಕೆ,
ಗುರುವಾರ ಏಳಾಗಲು ಹತ್ತು ನಿಮಿಷವಿರುವಾಗ
ಒಟ್ಟಿಗೆ ಒಂದು ಮುಷ್ಟಿ ಬೆಳಕು.
ದಿನಕ್ಕೆ ಐವತ್ತು ನಿಮಿಷ ಜಾರುವ ಗಡಿಯಾರ
ಈ ಊರಿಗೆ ಒಂದೇ.

ಶುಕ್ರವಾರ ಆ ಉಬ್ಬಿದ ಫೋನು ಜೇಬಿಗಿಟ್ಟು
ಕಂಬಾದೋಸಿನ ದಂಡೆಗೆ ಇಳಿದೆ.
ನಾನೂ ಈ ಊರವಳೇ; ಕೆಸರಿಗೆ ಕಾಲಿಟ್ಟು
ಎಂಟು ವರ್ಷವಾಗಿತ್ತು.
ಕಡಲು ಹಿಂದೆ ಸರಿದಿತ್ತು. ಮಂಜಿನಲ್ಲಿ
ಬಗ್ಗಿದ ಹೆಂಗಸರು, ಮಂಡಿಯವರೆಗೆ ಬೂಟು,
ಒದ್ದೆ ಮರಳಿನ ಪುಟ್ಟ ಕಣ್ಣುಗಳನ್ನು ಗುರುತಿಸಿ
ಕೆದಕಿ, ಮರುವಾಯಿ ಎತ್ತುವವರು.

ದೋರಿಂದಾ ಕೊರಳ ದಾರ ಹಿಡಿದು ಎಳೆದಳು.
ಫ್ರಿಜ್ಜಿನ ಪ್ಲಾಸ್ಟಿಕ್ ಚೀಲದೊಳಗೆ ಫೋನು,
ಮೊಮ್ಮಗ ಬಿಸಾಡಿದ್ದು, ಗಾಜಿನ ತುಂಬ ಜೇಡರ ಬಲೆ.
ಚೀಲದ ಮೇಲಿಂದಲೇ ಹೆಬ್ಬೆರಳು ಒತ್ತಿದಳು.
ನಮ್ಮ ಅಂಕಿ ಬಂತು, ನಿಧಾನಕ್ಕೆ, ಏದುತ್ತಾ:
ಇಳಿತ ಏಳೂ ನಲವತ್ತು.

"ಅಪ್‌ಡೇಟು ಅಂತ ಕೇಳ್ತಾನೇ ಇರುತ್ತೆ.
ಆಮೇಲೆ ಅಂತ ಒತ್ತುತೀನಿ. ಆರು ವರ್ಷದಿಂದ
ಆಮೇಲೆ, ಆಮೇಲೆ.
ಅದಕ್ಕೂ ಬೇಸರ ಇಲ್ಲ, ನನಗೂ ಇಲ್ಲ."

ಹೊಸದು ಕೊಳ್ಳಬಾರದೇ ಅಂದೆ.
ಉತ್ತರಕ್ಕೆ ಬಕೆಟ್ಟು ವಾಲಿಸಿದಳು.
ಲೋಹದ ಬಳೆಯೊಂದರಲ್ಲಿ ಚಿಪ್ಪು ಅಳೆಯುತ್ತಿದ್ದಳು;
ತೂರಿಹೋಗುವಷ್ಟು ಚಿಕ್ಕದನ್ನು
ಮತ್ತೆ ಮರಳಿಗೆ ಒತ್ತಿ, ಮೇಲೆ ತಟ್ಟಿ,
"ಫೋನಿಗೆ ಇಂಥ ಎಷ್ಟು ಬಕೆಟ್ಟು?
ಓದಿದವಳು, ನೀನೇ ಲೆಕ್ಕ ಹಾಕು."

ಹಾಕಲಿಲ್ಲ. ಕಚೇರಿಯ ಮೆಟ್ಟಿಲಿಗೆಲ್ಲ
ಬೂಟಿನ ಕೆಸರು ಮೆತ್ತಿ ಬಂದು ಕೂತೆ.
ಇಪ್ಪತ್ತೊಂದು ಇಪ್ಪತ್ತೊಂದಾಗಿಯೇ ಉಳಿಯಿತು.
ಹೊಸ ಬಣ್ಣ, ತಿರುಗುವ ನಕ್ಷೆ, ಗಾಳಿಯ ಬಾಣ
ಹಳೆಯ ಫೋನಿಗೆ ಭಾರ, ಬೇಡ.
ಅಂಕಿಯೊಂದು ಬರಲಿ, ದಪ್ಪನೆಯದು,
ಪ್ಲಾಸ್ಟಿಕ್ಕಿನ ಆಚೆಗೂ ಕಾಣುವಷ್ಟು.
ನಲವತ್ತು ಸಾಲು. ಅದರ ನೆತ್ತಿಯ ಮೇಲೊಂದು ಟಿಪ್ಪಣಿ:
ಇದನ್ನು ಅಳಿಸುವವರು ಮೊದಲು
ಇಳಿತದ ಹೊತ್ತಿಗೆ ದಂಡೆಗೆ ಹೋಗಿ ಬನ್ನಿ.

"ಮೂವತ್ತೇಳು ಮಂದಿಗೆ ನಲವತ್ತು ಸಾಲು,
ತಲೆಗೊಂದಕ್ಕಿಂತ ಜಾಸ್ತಿ ಆಯ್ತಲ್ಲ"
ಅಂದ ಬ್ರಾಯಿಸ್. ಗೊಣಗುತ್ತಲೇ ಒಪ್ಪಿಗೆ ಒತ್ತಿದ.
ಟಿಪ್ಪಣಿಯ ಒಂದು ಕಾಗುಣಿತ ತಿದ್ದಿದ.

ಅಕ್ಟೋಬರಿನಲ್ಲಿ ನಕ್ಷೆ ನೋಡಿದರೆ
ಮೂವತ್ತಾರು.
ಯಾರೋ ಹೊಸ ಫೋನು ಕೊಂಡಿರಬೇಕು ಅಂದ.
ಇರಬೇಕು ಅಂದೆ.
ಬೂಟು ಇನ್ನೂ ಮೇಜಿನ ಕೆಳಗೇ ಇತ್ತು.
ಉಬ್ಬಿದ ಫೋನು ತೆರೆದು, ಕಾದು, ನೋಡಿಕೊಂಡೆ:
ನಾಳೆ, ಆರೂ ಹದಿನೆಂಟು.