ಇನ್ನೊಂದು ಕಣ್ಣು

ತಾನಾ ಸರೋವರದ ನಡುಗಡ್ಡೆಯ ಇಗರ್ಜಿಗೆ
ಬಟ್ಟೆಯ ಮೇಲೆ ಚಿತ್ರ ಬರೆದು ಗೋಡೆಗೆ ಹಚ್ಚುತ್ತಿದ್ದ ಕಾಲ.
ಅಂಟು ಕಾಯಿಸುವ ಹುಡುಗ ನಾನು.

ಕಟ್ಟಳೆ ಸರಳ:
ಸಂತರಿಗೆ ತುಂಬುಮುಖ, ಎರಡು ಕಣ್ಣು.
ಪಾಪಿಗಳಿಗೆ ಪಕ್ಕದ ಮುಖ, ಒಂದೇ ಕಣ್ಣು.
ಅವರು ನಮ್ಮನ್ನು ನೋಡಬಾರದು,
ನೋಡಿದರೆ ನಾವೂ ನೋಡಬೇಕಾಗುತ್ತದೆ.

ಮುತ್ತಿಟ್ಟು ಹಿಡಿದುಕೊಟ್ಟವನ ಸರದಿ ಬಂದಾಗ
ಗುರು ಗೆಬ್ರೆಯೆಸ್ ನಿಂತುಬಿಟ್ಟ.
ಉಪವಾಸ ಮುಗಿದರೂ ಒಂದು ಗೆರೆ ಎಳೆಯಲಿಲ್ಲ.
"ಆ ರಾತ್ರಿ ಅವನು ಹೊಟ್ಟೆತುಂಬ ಉಂಡನೆ?
ನಾಣ್ಯ ಯಾವ ಕೈಯಲ್ಲಿತ್ತು?
ತುಟಿ ಒಣಗಿತ್ತೆ?"
ಕೇಳಿ ಕೇಳಿ, ಒಲೆ ಕೆದಕುತ್ತಿದ್ದ ನನಗೂ
ಅವನ ಬಾಯಾರಿಕೆ ಹತ್ತಿತು.

ಅಬ್ಬಾ ಸಮರೆ ಬಾಗಿಲಲ್ಲಿ ಕೋಲೂರಿ ಅಂದರು:
"ಕಳ್ಳನ ದಾರಿ ಪೂರ್ತಿ ನಡೆದವನು
ಕಳ್ಳನ ಮನೆಯಲ್ಲೇ ಮಲಗುತ್ತಾನೆ, ಮಗನೇ.
ತಪ್ಪನ್ನು ತಪ್ಪೆನ್ನಲು ಸ್ವಲ್ಪ ದೂರ ಬೇಕು."
ಸುಳ್ಳಲ್ಲ ಅದು.
ಅವರ ತಮ್ಮನನ್ನು ಕೊಂದವನು
ಹಬ್ಬಹಬ್ಬಕ್ಕೂ ಆಚೆ ದಡದಿಂದ ದೋಣಿಯೇರಿ ಬರುತ್ತಿದ್ದ.
ಮುತ್ತಿಡಲೆಂದು ಅವನಿಗೂ ಶಿಲುಬೆ ಚಾಚುತ್ತಿದ್ದರು,
ಮುಖ ಪಕ್ಕಕ್ಕೆ ತಿರುಗಿಸಿ.

ಗುರು ಒಂದೇ ಕಣ್ಣು ಬರೆದ.

ಹಚ್ಚುವ ದಿನ ಬಟ್ಟೆ ಮಗುಚಿದರೆ
ಬೆನ್ನ ಕಡೆ, ಅದೇ ತಲೆಯ ಜಾಗದಲ್ಲಿ,
ಇದ್ದಿಲಿನಲ್ಲಿ ಬಿಡಿಸಿದ ಇನ್ನೊಂದು ಕಣ್ಣು
ನನ್ನನ್ನೇ ನೋಡಿತು.

ಯಾರಿಗೂ ಹೇಳಲಿಲ್ಲ.
ಸುತ್ತ ಅಂಟು ಸವರಿದೆ. ಅಲ್ಲಿ ಮಾತ್ರ
ಒಂದು ನಾಣ್ಯದಗಲ ಬಿಟ್ಟೆ.

ಈಗ ನನಗೆ ಅಬ್ಬಾನ ವಯಸ್ಸು.
ಹೋದಾಗಲೆಲ್ಲ ಬೆರಳಿನಿಂದ ಮೆಲ್ಲಗೆ ತಟ್ಟುತ್ತೇನೆ:
ಗೋಡೆ ಅಷ್ಟು ಜಾಗದಲ್ಲಿ ಇನ್ನೂ
ಟೊಳ್ಳಾಗಿ ಸದ್ದು ಮಾಡುತ್ತದೆ.