ಮೂವತ್ತೆರಡು ಕೋಲು

ಬೂದಿ ಬುಧವಾರದ ಮರುದಿನ
ಬಾಯಾರಿನ ಗುಡ್ಡದ ಬುಡಕ್ಕೆ ಲಾದ್ರು ಮಾಮ ಪಿಕ್ಕಾಸು ಇಟ್ಟರು.
ಹಣೆಯ ಬೂದಿ ಬೆವರಿನ ಜೊತೆ ಇಳಿದು
ಹುಬ್ಬಿನಲ್ಲಿ ನಿಂತಿತ್ತು.
ಕೆಲಸ ಮೋನಿಕಾ ಬಾಯಿಯ ಮನೆಗೆ, ಕುಡಿಯುವ ನೀರಿಗೆ.
ಮಣ್ಣು ಹೊರಲು ನಾನು, ಹದಿನಾರರವನು,
ಸೆಮಿನರಿಯ ನಾಲ್ಕು ಗಂಟೆಯ ಗಂಟೆಗೆ ಏಳಲಾರದೆ
ಓಡಿ ಬಂದವನು.

ಬಾವಿ ತೋಡುವವನಿಗೆ ತಲೆ ಎತ್ತಿದರೆ ಆಕಾಶ ಉಂಟು.
ಸುರಂಗಕ್ಕೆ ಅದಿಲ್ಲ.
ಗುಡ್ಡದ ಹೊಟ್ಟೆಗೆ ಅಡ್ಡಲಾಗಿ
ಒಬ್ಬ ಆಳು ಕುಗ್ಗಿ ಹೋಗುವಷ್ಟು ತೂತು.
ಮುರಕಲ್ಲು ಮೆತ್ತಗಿದ್ದರೆ ದಿನಕ್ಕೆ ಒಂದು ಕೋಲು,
ಇಲ್ಲದಿದ್ದರೆ ಅರ್ಧ.
ಕೂಲಿಯೂ ಕೋಲಿನ ಲೆಕ್ಕದಲ್ಲಿ.

ಆದಿತ್ಯವಾರ ಇಗರ್ಜಿಯಲ್ಲಿ ಪಾದ್ರಿಗಳು
ತಂದೆಯ ಕೋಲಿನ ಬಗ್ಗೆ ಹೇಳಿದರು.
ಪ್ರೀತಿ ಇದ್ದಲ್ಲಿಯೇ ಪೆಟ್ಟಂತೆ.
ನನ್ನ ಅಪ್ಪ ಕುಡಿದು ಬಡಿಯುತ್ತಿದ್ದ.
ಅದರಲ್ಲಿ ಪ್ರೀತಿಯ ಪಾಲು ಎಷ್ಟೆಂದು ಲೆಕ್ಕ ಹಾಕುತ್ತ ಕೂತೆ,
ಎಲ್ಲರೂ ಎದ್ದು ನಿಂತದ್ದೇ ತಿಳಿಯಲಿಲ್ಲ.
ಸೋಮವಾರ ಮಾಮನನ್ನು ಕೇಳಿದೆ.
ಅವರು ತಮ್ಮ ನೇರಳೆ ಕೋಲನ್ನು ಗೋಡೆಗುಂಟ ಚಾಚಿ
ಉಗುರಿನಿಂದ ಒಂದು ಗೀರು ಎಳೆದರು.
"ಇದರಲ್ಲಿ ಇಷ್ಟರವರೆಗೆ ಯಾರಿಗೂ ಹೊಡೆದದ್ದಿಲ್ಲ.
ನಿನ್ನೆಗಿಂತ ಒಳಗೆ ಬಂದಿದ್ದೇವೋ ಇಲ್ಲವೋ,
ಅದನ್ನು ಕೇಳಲಿಕ್ಕೆ ಇರುವುದು.
ಹೆಡಿಗೆ ಎತ್ತು."

ಹದಿನೆಂಟನೆಯ ಕೋಲಿಗೆ ಬತ್ತಿ ನಂದಿತು.
ತೆವಳಿ ಹೊರಬಂದು, ಸೊಪ್ಪಿನ ಕೊಂಬೆ ಬೀಸಿ ಬೀಸಿ
ಗಾಳಿಯನ್ನು ಒಳಗೆ ದೂಡುವುದರಲ್ಲೇ ಒಂದು ದಿನ ಹೋಯಿತು.
ಅಳತೆ: ಸೊನ್ನೆ.
"ಬತ್ತಿ ಹೇಳುವುದು ಉಸಿರಿನ ಸುದ್ದಿ ಮಾತ್ರ.
ನೀರಿನ ಸುದ್ದಿ ಕೆನ್ನೆಗೆ ಗೊತ್ತು," ಎಂದು
ಮಾಮ ಕತ್ತಲಲ್ಲಿ ಗೋಡೆಗೆ ಮುಖ ಒತ್ತಿ ನಿಲ್ಲುತ್ತಿದ್ದರು,
ಮಗು ತಾಯಿಯ ಬೆನ್ನಿಗೆ ಒತ್ತಿದ ಹಾಗೆ.
ನನ್ನನ್ನೂ ನಿಲ್ಲಿಸಿದರು. ನನಗೇನೂ ತಿಳಿಯಲಿಲ್ಲ.
"ಇನ್ನೊಂದು ಕೆನ್ನೆಯನ್ನೂ ಕೊಡು ಮಾರಾಯ."

ಇಪ್ಪತ್ತೇಳರಲ್ಲಿ ಜೇಡಿ ಕುಸಿದು
ಮಾಮನ ಕಾಲು ಮೊಣಕಾಲಿನವರೆಗೆ ಹೂತಿತು.
ಸುರಂಗದ ಬಾಯಲ್ಲಿ ನಿಂತು ಕಿರುಚಿದೆ:
"ಲಾದ್ರು ಮಾಮ, ಹೊರಗೆ ಬನ್ನಿ!"
ಕಿರುಚಿದ ಮೇಲೆ ಹೊಳೆಯಿತು, ಈ ಮಾತು ಯಾರದೆಂದು.
ಒಳಗಿನಿಂದ ಕೆಮ್ಮು, ಆಮೇಲೆ ನಗು:
"ನಾಲ್ಕು ದಿನ ಆಗಲಿಲ್ಲವಲ್ಲ, ಇನ್ನೂ ನಾತ ಹತ್ತಿಲ್ಲ!"

ಗರಿಗಳ ಆದಿತ್ಯವಾರ ಕಳೆದು ಮೂರನೆಯ ದಿನ
ಮೂವತ್ತೆರಡನೆಯ ಕೋಲಿನಲ್ಲಿ ಕರಿಕಲ್ಲು.
ಪಿಕ್ಕಾಸಿನ ಮೂಗು ಮುರಿಯಿತು.
ಮಾಮ ಕೆನ್ನೆ ಇಟ್ಟರು, ಎಡ, ಬಲ.
ಬಹಳ ಹೊತ್ತು.
ಹೊರಬಂದು ಮೋನಿಕಾ ಬಾಯಿಗೆ "ಇಲ್ಲಿ ಇಲ್ಲ" ಎಂದರು.
ಗಂಜಿ ಕುಡಿದರು. ಕೂಲಿ ಮುಟ್ಟಲಿಲ್ಲ.
ನನ್ನ ಪಾಲಿನದನ್ನೂ.

ಆ ಸಲ ಈಸ್ಟರಿನ ಪೂಜೆಗೆ ನಾನು ಹೋಗಲಿಲ್ಲ.
ನಲವತ್ತು ದಿನ ಗುಡ್ಡ ತಿಂದು ಒಂದು ಗುಟುಕು ಒಸರಿಲ್ಲದಿದ್ದರೆ
ಯಾವ ಬಾಯಲ್ಲಿ ಅಲ್ಲೆಲೂಯಾ ಎನ್ನುವುದು?
ಮಾಮ ಹೋಗಿ ಬಂದರು, ಬಿಳಿ ಅಂಗಿ ಹಾಕಿಕೊಂಡು,
ಕುಂಟುತ್ತ.
ಮಂಗಳವಾರ ಅದೇ ಗುಡ್ಡದ ಇನ್ನೊಂದು ಮಗ್ಗುಲಲ್ಲಿ
ನೇರಳೆ ಕೋಲು ಊರಿ ನಿಂತಿದ್ದರು.
"ಇಲ್ಲ ಅಂತ ತಿಳಿಯಲಿಕ್ಕೂ
ಮೂವತ್ತೆರಡು ಬೇಕಿತ್ತು," ಎಂದರು.
ನಾನು ಹೆಡಿಗೆ ಎತ್ತಲಿಲ್ಲ. ಉಪ್ಪಳದ ಬಸ್ಸು ಹತ್ತಿದೆ.

ಈಗ ಐವತ್ತೆಂಟು.
ಕಾಞಂಗಾಡಿನ ಆಸ್ಪತ್ರೆ, ಎರಡನೆಯ ಮಾಳಿಗೆ.
ಸೆವ್ರಿನಳಿಗೆ ನಾಲ್ಕು ಗಂಟೆಯ ಮದ್ದು.
ಯಾವ ಗಂಟೆಯೂ ಬಾರಿಸದೆ ಏಳುತ್ತೇನೆ.
ಬೆಡ್‌ಪ್ಯಾನ್ ಎತ್ತುತ್ತೇನೆ, ತೊಳೆದು ತರುತ್ತೇನೆ.
ಜಪಮಾಲೆ ಅರ್ಧದಲ್ಲಿ ತಪ್ಪುತ್ತದೆ, ಮೊದಲಿನಿಂದ ಹಿಡಿಯುತ್ತೇನೆ.
ಎಷ್ಟು ಕೋಲು ಆಯಿತೋ, ಅಳೆಯುವವರು ಇಲ್ಲಿಲ್ಲ.

ನಿನ್ನೆ ಇರುಳು ಕರೆಂಟು ಹೋದಾಗ
ವಾರ್ಡಿನ ಗೋಡೆಗೆ ಕೆನ್ನೆ ಇಟ್ಟೆ.
ತಂಪು ಇತ್ತು.
ಒಸರೋ, ನನ್ನದೇ ಬೆವರೋ.
ಇನ್ನೊಂದು ಕೆನ್ನೆಯನ್ನೂ ಇಟ್ಟೆ.