ಏಳು ಬೇಕು, ಐದಿದೆ

ನೀರಿಗೆ ವಿನೆಗರ್ ಬೆರೆಸಿ ಒರೆಸಿ, ಹಬೆ ಹಿಡಿದು
ಕಾಯಬೇಕು. ಅವಸರ ಮಾಡಿದರೆ ಚೂರು ಚೂರು,
ಕಾದರೆ ಒಂದಿಡೀ ಪಟ್ಟಿ
ಉದ್ದ ಕೈಗವಸಿನಂತೆ ಕಳಚಿ ಬರುತ್ತದೆ.
ಅಂಗಡಿಯ ಹುಡುಗ ಹೇಳಿದ್ದು ಇಷ್ಟೇ.
ಇದು ಮೂರನೆಯ ದಿನ. ಉಗುರಿನ ಸಂದಿಯಲ್ಲಿ
ಅರವತ್ತು ವರ್ಷದ ಹಿಂದಿನ ಮೈದಾ ಅಂಟು
ಮತ್ತೆ ಹಸಿಯಾಗಿ ಹುಳಿ ನಾರುತ್ತಿದೆ.

ಡನೀಡನ್ನಿನ ಗುಡ್ಡದ ಈ ಮನೆಗೆ
ಗಾರೆಯ ಗೋಡೆಯಿಲ್ಲ. ರಿಮು ಮರದ ಹಲಗೆ,
ಹಲಗೆಗೆ ಮೊಳೆ ಹೊಡೆದ ಗೋಣಿಬಟ್ಟೆ,
ಗೋಣಿಯ ಮೇಲೆ ಕಾಗದ, ಕಾಗದದ ಮೇಲೆ ಕಾಗದ.
ನಮ್ಮಲ್ಲಿ ತೆಂಕಣ ಗಾಳಿಯೆಂದರೆ ಹಿಮದ ಸೀಮೆಯದು.
ಅದು ಬೀಸಿದ ರಾತ್ರಿ, ಹಲಗೆಯ ಬಿರುಕಲ್ಲಿ ನುಸುಳಿ,
ಕಿಟಕಿಯ ಗೋಡೆ ಉಬ್ಬುತ್ತಿತ್ತು, ಇಳಿಯುತ್ತಿತ್ತು,
ಮಲಗಿದ ಹಸುವಿನ ಪಕ್ಕೆಯ ಹಾಗೆ.
ಉಸಿರಾಡುವ ಗೋಡೆಯ ಪಕ್ಕದಲ್ಲಿ ಬೆಳೆದೆವು,
ನಾನು, ನನ್ನ ತಂಗಿ ಏವಿಸ್.

ಜಗಳ ಬಣ್ಣದ್ದು.
ನಾನು: ನಮ್ಮ ಕೋಣೆ ನೀಲಿ. ನೀಲಿಯಲ್ಲಿ ಬಿಳಿ ಹಾಯಿದೋಣಿ.
ಅವಳು: ಹಸಿರು. ಬಳ್ಳಿ. ಎಲೆಗೆ ಐದೈದು ಬೆರಳು.
ಮದುವೆಮನೆಗಳಲ್ಲಿ, ಕ್ರಿಸ್‌ಮಸ್ ಊಟದಲ್ಲಿ,
ಅಮ್ಮನನ್ನು ಮಣ್ಣು ಮಾಡಿ ಬಂದು
ಒದ್ದೆ ಕೋಟಿನಲ್ಲೇ ಚಹಾ ಕುಡಿಯುವಾಗಲೂ.
“ನೀನಾಗ ಇಷ್ಟುದ್ದ ಇದ್ದೆ, ನಿನಗೇನು ನೆನಪು?”
“ನೀನು ಪುಸ್ತಕದಿಂದ ತಲೆಯೆತ್ತಿದ್ದರಲ್ಲವೇ ಗೋಡೆ ಕಂಡೀತು?”
ನಲವತ್ತು ವರ್ಷ ಜಗ್ಗಿದ ಹಗ್ಗ.
ಇಬ್ಬರ ಅಂಗೈಯೂ ಜಡ್ಡುಗಟ್ಟಿತು, ಯಾರೂ ಬಿಡಲಿಲ್ಲ.

ಮೇಲಿನದು, ಬಾಡಿಗೆಗೆ ಕೊಡುವಾಗ ಅಪ್ಪ ಅಂಟಿಸಿದ ಬಾದಾಮಿ.
ಅದರಡಿ ಕಿತ್ತಳೆ ಬಣ್ಣದ ಚಕ್ರಗಳು,
ಅವುಗಳ ಮಾತು ಬೇಡ.
ಅದರಡಿ, ನಿನ್ನೆ ಸಂಜೆ, ದೋಣಿ.
ಕಿಟಕಿಯ ಗೋಡೆಯಲ್ಲಿ ದೋಣಿ, ಬಾಗಿಲ ಗೋಡೆಯಲ್ಲಿ ದೋಣಿ,
ತೇವಕ್ಕೆ ಹೊಳೆದು, ಈಗಷ್ಟೇ ನೀರಿಗಿಳಿದ ಹಾಗೆ.
ಫೋನ್ ಕೈಗೆತ್ತಿಕೊಂಡೆ. ಇಟ್ಟೆ.
ಇನ್ನೊಂದು ಗೋಡೆ ಇದೆ, ಪೂರ್ತಿಯಾಗಿಯೇ ಗೆಲ್ಲೋಣ.

ಇವತ್ತು, ಬೀರು ನಿಲ್ಲುತ್ತಿದ್ದ ಗೋಡೆ.
ಕೆರೆಯುವ ಅಲಗಿನ ಕೆಳಗೆ ಹಸಿರು.
ಬೀರುವಿನಷ್ಟೇ ಅಗಲ, ಬೀರುವಿಗಿಂತ ಗೇಣು ಗಿಡ್ಡ:
ಎಲೆಗೆ ಐದೈದು ಬೆರಳು.
ಅದರ ಅಸ್ತರಿನ ಕಂದು ಕಾಗದದಲ್ಲಿ ಪೆನ್ಸಿಲ್,
ಅಮ್ಮನ ವಾಲಿದ ಅಕ್ಷರ:
ಏಳು ಬೇಕು. ಐದಿದೆ.
ಕೆಳಗೊಂದು ಗೆರೆ. ಗೆರೆಯ ಕೆಳಗೆ ಏನೂ ಇಲ್ಲ.
ಬೀರುವಿನ ಹಿಂದೆ ಯಾರು ನೋಡುತ್ತಾರೆ
ಎಂದುಕೊಂಡಿರಬೇಕು, ಯಾರದೋ ಮನೆಯಲ್ಲಿ ಉಳಿದ
ಬಳ್ಳಿಯ ಸುರುಳಿ ಬೇಡಿ ತಂದು ತೇಪೆ ಹಾಕುವಾಗ.

ಹಾಗಾದರೆ ಏವಿಸ್?

ಕೀಲುಜ್ವರ ಬಂದ ಆ ಚಳಿಗಾಲ.
ಹೃದಯದ ಮೇಲಾದೀತು, ಏಳಕೂಡದು ಎಂದರು ಡಾಕ್ಟರು.
ನನ್ನನ್ನು ಓಮರೂಗೆ, ಚಿಕ್ಕಮ್ಮನ ಮನೆಗೆ ಕಳಿಸಿದರು.
ಬೀರುವನ್ನು ನಡುಮನೆಗೆ ದೂಡಿ
ಆ ಮೂಲೆಗೆ ಅವಳ ಮಂಚ, ಗಾಳಿ ಬಡಿಯದಿರಲೆಂದು.
ಎಂಟು ತಿಂಗಳು. ನಾನು ಬರುವಷ್ಟರಲ್ಲಿ
ಬೀರು ತನ್ನ ಜಾಗಕ್ಕೆ ಮರಳಿತ್ತು.
ಯಾರೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮಂಡಿಯೂರಿ ನೋಡಿದೆ. ದಿಂಬಿನ ಎತ್ತರದಲ್ಲಿ
ಏಳೆಂಟು ಎಲೆಗಳ ಬೆರಳು ಸವೆದು ಬಿಳಿಚಿವೆ,
ಒಂದೊಂದನ್ನೇ ಯಾರೋ ದಿನವೂ
ಮುಟ್ಟಿ ಎಣಿಸಿದ ಹಾಗೆ.

ಫೋನ್ ಮಾಡಿದೆ. “ಹಸಿರು” ಎಂದೆ.
“ಹೇಳಿರಲಿಲ್ವಾ?”
ದೋಣಿಗಳ ಸುದ್ದಿ ಎತ್ತಲಿಲ್ಲ ನಾನು.
ಆ ಕಡೆ ಕುಕ್ಕರೋ ರೇಡಿಯೋವೋ, ಏನೋ ಸದ್ದು, ಆಮೇಲೆ ಅದೂ ಇಲ್ಲ.
“ಕಿಟಕಿಯ ಗೋಡೆ ಇನ್ನೂ ಉಸಿರಾಡುತ್ತಾ?”
“ನಾಳೆ ಗೋಣಿ ಕೀಳ್ತೀನಿ. ಜಿಪ್ಸಮ್ ಹಲಗೆ ಬರುತ್ತೆ.”
“ನಾಳೆ ಬೇಡ. ಶನಿವಾರ ಬಸ್ಸಿದೆ.”
ತಡೆದು, “ಬೀರು?”
“ಮಾರಿದೆ. ಐವತ್ತು ಡಾಲರಿಗೆ.”
“ಕಡಿಮೆಯಾಯ್ತು” ಎಂದಳು.